ದಾರದ ತುದಿಯ ನಟ್ಟು

ವಿಮಾನದ ಬಾಗಿಲು ಹತ್ತು ಹೆಜ್ಜೆ ದೂರ ಇದ್ದಾಗ ನಾನು ಹಿಂದೆ ತಿರುಗಿದ್ದು ನಿಜ. ಅದನ್ನು ನಮ್ಮೂರು ಅಂಬೇವಾಡಿಯ ತುಂಬ ಸಾರಿದವನು ನಾಗಲಿಂಗಪ್ಪ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನನ್ನ ಜೊತೆಗೇ ಫಿಟರ್ ಕೆಲಸ ಮಾಡುವವನು.

"ಏನಲೇ ವಜೀರ, ಕುವೈತದಾಗ ಹವಾ ಹೆಂಗಿತ್ತು?" ಎಂದು ಚಹಾದಂಗಡಿಯಲ್ಲಿ ಎಲ್ಲರೆದುರು ಕೇಳಿದ. ಕೈಯಲ್ಲಿದ್ದ ಗ್ಲಾಸನ್ನು ಗೋಡೆಗೆ ಎಸೆದೆ. ನನ್ನ ಸಿಟ್ಟೇ ಹಾಗೆ. ಏಳನೇ ಇಯತ್ತೆಯಲ್ಲಿ ಮಾಸ್ತರರ ಮುಂದೆ ಪುಸ್ತಕ ಎಸೆದು ಬಂದವನು ಮತ್ತೆ ಶಾಲೆಯ ಕಡೆ ಹೋಗಿಲ್ಲ.

ಆದದ್ದು ಇಷ್ಟು. ಎಂಬತ್ತನಾಲ್ಕರ ಮಾರ್ಚ್. ಒಬ್ಬ ಏಜೆಂಟನ ಮೂಲಕ ಕುವೈತಿಗೆ ಕೆಲಸಕ್ಕೆ ಹೊರಟಿದ್ದೆ. ಮುಂಬೈಯ ಹೊಸ ನಿಲ್ದಾಣದಲ್ಲಿ ವಿಮಾನಕ್ಕೆ ಏಣಿ ಹಚ್ಚುವುದಿಲ್ಲ. ಕಟ್ಟಡದಿಂದಲೇ ಒಂದು ಮುಚ್ಚಿದ ಓಣಿ ಚಾಚಿಕೊಂಡು ಹೋಗಿ ವಿಮಾನದ ಬಾಗಿಲಿಗೆ ಬಾಯಿ ಹಚ್ಚಿರುತ್ತದೆ. ಕಿಟಕಿಯಿಲ್ಲ, ಗಾಳಿಯಿಲ್ಲ. ಅರ್ಧ ದಾಟಿದ್ದೆನೋ ಇಲ್ಲವೋ, ನೆಲ ಕಾಲಡಿಯಲ್ಲಿ ಮೆತ್ತಗೆ ಕುಣಿಯಿತು. ಗೋಡೆ ಒಂದು ಕಡೆ, ನಾನು ಒಂದು ಕಡೆ ಹೋದಂತಾಯಿತು. ಬಾಯಿ ತುಂಬ ಉಪ್ಪುನೀರು.

ನಮ್ಮ ಕಾರ್ಖಾನೆಯಲ್ಲೂ ಅಂಥದೊಂದು ಮುಚ್ಚಿದ ಓಣಿಯಿದೆ. ಕೊಚ್ಚಿದ ಬಿದಿರು ಓಡುವ ರಬ್ಬರಿನ ಪಟ್ಟಾದ ಮೇಲೆ ಅದರೊಳಗಿನಿಂದ ಮೇಲಕ್ಕೆ ಹೋಗುತ್ತದೆ. ಪಟ್ಟಾ ನಿಂತಾಗಲೂ ಅಲ್ಲಿಯ ನೆಲ ಅಲುಗಿದರೆ ಬೋಲ್ಟು ಸಡಿಲವಾಗಿದೆ ಎಂದು ಅರ್ಥ. ಮುಂದಿದ್ದವನು ಎರಡೂ ಕೈ ಚಾಚಿ ಹಿಂದಿನವರನ್ನು ತಡೆದು ಎಲ್ಲರನ್ನೂ ಹೊರಗೆ ತರಬೇಕು. ಅದು ನಮ್ಮ ಕಾಯಿದೆ. ನಾನು ಅದನ್ನೇ ಮಾಡಿದೆ. ಕೈ ಚಾಚಿ ನಿಂತು, "ಪೀಛೆ ಹಟೋ! ಬೋಲ್ಟ್ ಢೀಲಾ ಹೈ!" ಎಂದು ಕೂಗಿದೆ. ನೂರು ಜನರ ಸಾಲು ನಿಂತಿತು. ಆಮೇಲೆ ಪೊಲೀಸರು ಬಂದರು. ವಿಮಾನ ನನ್ನನ್ನು ಬಿಟ್ಟು ಹೋಯಿತು.

"ಮುಂದಿನ ತಿಂಗಳ ತಂಡದಲ್ಲಿ ಕಳಿಸ್ತೇನೆ. ಆಗಲೂ ತಿರುಗಿ ಬಂದರೆ ನಿನ್ನ ಜಾಗ ಬೇರೆಯವನಿಗೆ" ಎಂದ ಏಜೆಂಟ.

ಅಮ್ಮ ಇಮಾಮಬಿ ನನ್ನ ತೋಳಿಗೆ ತಾಯಿತ ಕಟ್ಟಿಸಿದಳು. ನಾನು ಮಾತ್ರ ಅಮೀರಸಾಬ ಚಾಚಾನ ಮನೆಗೆ ಹೋದೆ. ಆ ಬಿದಿರಿನ ಓಣಿಯಲ್ಲಿ ಇಪ್ಪತ್ತಾರು ವರ್ಷ ಓಡಾಡಿದ ಮನುಷ್ಯ. ಅವನು ನಗಲಿಲ್ಲ.

"ನೆಲ ಏರ ಇತ್ತೋ, ಇಳಿಜಾರ ಇತ್ತೋ?"

"ಗೊತ್ತಿಲ್ಲ ಚಾಚಾ."

"ಗೊತ್ತಿಲ್ಲ ಅಂದ್ರ ಹೆಂಗ? ನಿನಗ ಗೊತ್ತಿಲ್ಲಂದ್ರೂ ಕಾಲಿಗೆ ಗೊತ್ತಿರತೈತಿ. ವಿಚಾರ ಮಾಡು."

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. "ಬೆರಳು ಬೂಟಿನ ತುದಿಗೆ ಒತ್ತಿದ್ದವು."

"ಹಂಗಾರ ಇಳಿಜಾರ. ಗೋಡಿ?"

"ಗೋಡಿ ನೆಟ್ಟಗ ಇತ್ರಿ."

"ನೆಟ್ಟಗ?" ಚಾಚಾ ಹುಬ್ಬೇರಿಸಿದ. "ಐತವಾರ ಪಟ್ಟಾ ಬಂದ್ ಇರತೈತಿ. ಬಾ, ನೋಡೂಣು."

ಐತವಾರ ಆ ಓಣಿಯ ನಡುವೆ ನಿಂತು ಚಾಚಾ ಜೇಬಿನಿಂದ ಒಂದು ನಟ್ಟು ತೆಗೆದ. ಅದಕ್ಕೆ ದಾರ ಕಟ್ಟಿ ಗೋಡೆಯ ಕಂಬದ ಪಕ್ಕ ಇಳಿಬಿಟ್ಟ. ನಾನು ಎಷ್ಟೋ ಸಲ ಒರಗಿ ಬೀಡಿ ಸೇದಿದ ಕಂಬ. ದಾರ ಅದರಿಂದ ಒಂದು ಗೇಣು ಸರಿದು ನಿಂತಿತು.

"ದಾರ ಸೊಟ್ಟ ಐತಿ" ಎಂದೆ.

"ಏ ಹುಚ್ಚ, ಸೊಟ್ಟ ಇರೋದು ಕಂಬ. ನೆಲಕ್ಕ ಹೊಂದಿಸಿ ಕಟ್ಟ್ಯಾರ. ನೆಲಾನ ಓರೆ, ಅದಕ್ಕ ಗೋಡಿನೂ ಓರೆ. ಕಣ್ಣು ಸಪಾಟ ಅಂತೈತಿ, ಕಾಲು ಇಳಿಜಾರ ಅಂತೈತಿ. ಅವೆರಡು ಜಗಳಾಡಿದ್ರ ನಡುವ ಹೊಟ್ಟಿ ಸಿಕ್ಕೋತೈತಿ. ನೆಲ ಬ್ಯಾರೆ ಕುಣೀತು ಅಂದ್ರ ಮುಗೀತು." ನಟ್ಟನ್ನು ನನ್ನ ಅಂಗೈಗೆ ಹಾಕಿದ. "ಇದು ಎಂದೂ ಸುಳ್ಳ ಹೇಳಂಗಿಲ್ಲ. ಇದನ್ನ ನೋಡಕೋತ ನಡಿ."

ಹೊರಗೆ ಬಂದ ಮೇಲೆ ಹೇಳಿಯೇಬಿಟ್ಟೆ. "ಬೋಲ್ಟ ಸಡಿಲ ಇರಲಿಲ್ಲ ಚಾಚಾ. ನನಗ ಅಂಜಿಕಿ ಬಂದಿತ್ತು."

"ನನಗ ಗೊತ್ತೈತಿ. ನಾಗಲಿಂಗಪ್ಪಗ ಹೇಳಬ್ಯಾಡ."

ಏಪ್ರಿಲ್ ತಿಂಗಳ ಒಂದು ಮುಂಜಾನೆ ಮತ್ತೆ ಅದೇ ನಿಲ್ದಾಣ. ಜೇಬು ತಪಾಸಣೆ ಮಾಡಿದ ಪೊಲೀಸ ನಟ್ಟನ್ನು ತಿರುವಿ ಮುರುವಿ ನೋಡಿದ.

"ಯೇ ಕಿಸ್ ಲಿಯೇ?"

"ದೀವಾರ್ ದೇಖನೇ ಕೆ ಲಿಯೇ."

ಗೋಡೆ ನೋಡಲಿಕ್ಕೆ ಅಂದದ್ದು ಕೇಳಿ ಅವನು ನಟ್ಟನ್ನು ಬಿಟ್ಟು ನನ್ನನ್ನೇ ನೋಡಿದ. ಆಮೇಲೆ ಹೋಗು ಎಂದು ಕೈಮಾಡಿದ.

ಓಣಿಯ ಬಾಯಿಗೆ ಬಂದಾಗ ಮತ್ತೆ ಆ ಉಪ್ಪುನೀರು. ದಾರವನ್ನು ಬೆರಳಿಗೆ ಸುತ್ತಿ ನಟ್ಟು ಇಳಿಬಿಟ್ಟೆ. ತೂಗಾಡಿ ನಿಂತಿತು. ಗೋಡೆಯ ಗೆರೆಗೂ ದಾರಕ್ಕೂ ಹೊಂದಾಣಿಕೆಯಿಲ್ಲ. ಗೋಡೆಯೇ ಓರೆ! ಒಂದು ತಿಂಗಳು ಊರೆಲ್ಲ ನನ್ನನ್ನು ನಗೆಗೀಡು ಮಾಡಿದ್ದು ಈ ಗೋಡೆ. ಒದೆಯಬೇಕು ಅನ್ನಿಸಿತು, ಆದರೆ ಅದಕ್ಕಿಂತ ಮುಂದೆ ಹೇಗಿದೆಯೋ ನೋಡಬೇಕು ಅನ್ನಿಸಿತು. ನಡೆದೆ. ನಡುವೆ ಒಂದು ಕಡೆ ಓಣಿಯೊಳಗೊಂದು ಓಣಿ ತೂರಿಸಿದಂತೆ ಜೋಡಣೆ. ಅದನ್ನು ದಾಟಿದರೆ ಓರೆ ಇನ್ನೂ ಹೆಚ್ಚು. ನೆಲ ಕುಣಿದಾಗ ನಟ್ಟು ಕೂಡ ಕುಣಿಯಿತು.

"ಅರೇ ಭಾಯಿ, ಪೂಜಾ ಕರ್ ರಹೇ ಹೋ ಕ್ಯಾ?" ಎಂದ ಹಿಂದಿನವನು.

ಬೇರೆ ದಿನವಾಗಿದ್ದರೆ ಅವನ ಕಾಲರ್ ಹಿಡಿಯುತ್ತಿದ್ದೆ. ಈಗ ಹಿಡಿಯಬೇಕೆಂದರೆ ನಟ್ಟಿನಿಂದ ಕಣ್ಣು ತೆಗೆಯಬೇಕಾಗುತ್ತಿತ್ತು. ಅದನ್ನು ನೋಡುತ್ತಲೇ ನಡೆದೆ. ಯಾರೋ "ನಮಸ್ತೆ" ಎಂದರು. ತಲೆಯೆತ್ತಿದೆ. ಸೀರೆಯುಟ್ಟ ಹೆಣ್ಣುಮಗಳು ಕೈಮುಗಿದು ನಿಂತಿದ್ದಳು. ಅವಳ ಹಿಂದೆ ಸಾಲುಸಾಲು ಕುರ್ಚಿ. ಬಾಗಿಲು ಯಾವಾಗ ದಾಟಿದೆನೋ ಗೊತ್ತೇ ಆಗಲಿಲ್ಲ.

ಕಿಟಕಿಯ ಪಕ್ಕದ ಕುರ್ಚಿ. ದಾರ ಇನ್ನೂ ಬೆರಳಿನಲ್ಲೇ ಇತ್ತು. ವಿಮಾನ ಓಡತೊಡಗಿದಾಗ ನಟ್ಟು ನನ್ನ ಎದೆಯ ಕಡೆಗೆ ವಾಲಿ ಬಂತು. ಯಾರೂ ಅದನ್ನು ನೂಕಿರಲಿಲ್ಲ. ಮೇಲೇರಿದ ಮೇಲೆ ವಿಮಾನ ನನ್ನ ಮಗ್ಗುಲಿಗೆ ವಾಲಿ ತಿರುಗಿತು. ಕಿಟಕಿಯಲ್ಲಿ ಸಮುದ್ರ ಗೋಡೆಯ ಹಾಗೆ ಎದ್ದು ನಿಂತಿತು. ಈಗ ನಟ್ಟು ಎತ್ತ ವಾಲುತ್ತದೆ ಎಂದು ನೋಡಿದರೆ, ಎತ್ತಲೂ ಇಲ್ಲ. ವಿಮಾನದ ನೆಲದ ಕಡೆಗೇ ನೆಟ್ಟಗೆ ಇಳಿಬಿದ್ದಿತ್ತು, ಏನೂ ಆಗಿಲ್ಲವೆಂಬಂತೆ. ದಾರ ಗಂಟು ಬಿದ್ದಿದೆಯೇ ಎಂದು ನೋಡಿದೆ. ಬಿದ್ದಿರಲಿಲ್ಲ. ಸಮುದ್ರವಂತೂ ಓರೆಯಾಗಿರಲಾರದು. ಓರೆಯಾದದ್ದು ವಿಮಾನ, ನಟ್ಟು ಮಾತ್ರ ಅದನ್ನು ತೋರಿಸಲಿಲ್ಲ.

ಪಕ್ಕದವನು ಕಣ್ಣು ಮುಚ್ಚಿಕೊಂಡಿದ್ದ. ಅವನಿಂದ ಪೆನ್ನು ಕೇಳಿ ಪಡೆದೆ. ವಾಂತಿ ಬಂದರೆ ಇರಲಿ ಎಂದು ಎದುರಿನ ಜೇಬಿನಲ್ಲಿ ಕಾಗದದ ಚೀಲ ಇಟ್ಟಿದ್ದರು. ಬೆರಳಿನಿಂದ ಉಜ್ಜಿ ನೋಡಿದೆ, ಒಳ್ಳೆಯ ಕಾಗದ. ಶಾಲೆ ಬಿಟ್ಟ ಮೇಲೆ ನಾನು ಬರೆದ ಮೊದಲನೇ ಪತ್ರ ಅದರ ಮೇಲೆ ಬರೆದೆ:

"ಚಾಚಾಗ ಸಲಾಂ. ಏರಿ ಕುಂತೇನಿ. ಆದ್ರ ಇಲ್ಲಿ ನಟ್ಟೂ ಸುಳ್ಳ ಹೇಳಾಕತ್ತೈತಿ. ಯಾಕ ಅಂತ ನೀವು ವಿಚಾರ ಮಾಡ್ರಿ. ನಾನೂ ಮಾಡ್ತೇನಿ."