ಎಡಗೈಗೆ ಎಟಕುವ ಕೆಂಪು ಸ್ವಿಚ್ಚು

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ಕಲಸುವ ಯಂತ್ರ ತಿರುಗುತ್ತಿತ್ತು. ಅದರ ಮುಂದೆ ನಿಂತವನನ್ನು ಎಲ್ಲರೂ ಹಿಟ್ಟಪ್ಪ ಎನ್ನುತ್ತಿದ್ದರು. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡೇ ಇರುವ ಮನುಷ್ಯ.

ಆ ಯಂತ್ರಕ್ಕೆ ಕಂಬಿಯ ಮುಚ್ಚಳವಿದೆ. ಮುಚ್ಚಳ ಎತ್ತಿದರೆ ಯಂತ್ರ ತಾನಾಗಿ ನಿಲ್ಲಬೇಕು. ಆದರೆ ಅಂಚಿಗೆ ಅಂಟಿದ ಹಿಟ್ಟನ್ನು ಕೆರೆಯಲು ಪ್ರತಿ ಸಲ ನಿಲ್ಲಿಸುತ್ತಾ ಕೂರುವವರು ಯಾರು? ಮುಚ್ಚಳದ ಸ್ವಿಚ್ಚಿಗೆ ಒಂದು ಚಮಚ ಸಿಕ್ಕಿಸಿದರೆ ಸಾಕು, ಮುಚ್ಚಳ ತೆರೆದಿದ್ದರೂ ಅದು ತಿರುಗುತ್ತಲೇ ಇರುತ್ತದೆ. ಆ ಚಮಚಕ್ಕೆಂದೇ ಗೋಡೆಯಲ್ಲಿ ಮೊಳೆ ಹೊಡೆದಿದ್ದರು. ಮಾಲೀಕರಿಗೂ ಗೊತ್ತಿತ್ತು.

ಅಂದೂ ಚಮಚ ಸಿಕ್ಕಿಸಿ ಅಂಚು ಕೆರೆಯುವಾಗ ಹಿಟ್ಟಪ್ಪನ ಅಂಗಿಯ ಬಲತೋಳು ಯಂತ್ರಕ್ಕೆ ಸಿಕ್ಕಿಕೊಂಡಿತು, ಅದರ ಹಿಂದೆ ಕೈಯೂ ಹೋಯಿತು. ಕೂಗು ಕೇಳಿ, ಪಕ್ಕದಲ್ಲಿ ಬ್ರೆಡ್ಡು ಪ್ಯಾಕ್ ಮಾಡುತ್ತಿದ್ದ, ಎಲ್ಲರೂ ಪ್ಯಾಕಿಂಗ್ ಅಕ್ಕ ಎನ್ನುವ ಹೆಂಗಸು ಓಡಿ ಬಂದರು. ಅವನ ಕೈಯನ್ನು ಹಿಡಿದು ಎಳೆಯಲಿಲ್ಲ. ಬಾಗಿಲ ಬಳಿ, ಮೂಟೆಗಳ ಹಿಂದಿದ್ದ ಮುಖ್ಯ ಸ್ವಿಚ್ಚನ್ನು ಆರಿಸಿದರು, ಆಂಬುಲೆನ್ಸಿಗೆ ಫೋನ್ ಮಾಡಿದರು. ಎರಡು ಬೆರಳು ಹೋದವು. ಉಳಿದ ಕೈಯನ್ನು ವೈದ್ಯರು ಉಳಿಸಿಕೊಟ್ಟರು.

ಹಿಟ್ಟಪ್ಪನ ಹೆಂಡತಿ ದರ್ಜಿ. ಒಂದೇ ಕೈಯಲ್ಲಿ ಹಾಕಿಕೊಳ್ಳಲಿ ಎಂದು ಅವನ ಅಂಗಿಗಳಿಗೆಲ್ಲ ಗುಂಡಿಯ ಬದಲು ಅಂಟುಪಟ್ಟಿ ಹೊಲಿದಳು. ಆಸ್ಪತ್ರೆಯವರು ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ, ಅವನು "ಇದಕ್ಕೆ ಹದವೇ ಇಲ್ಲ" ಎಂದು ಗೊಣಗಿ ಹಿಟ್ಟಿನ ಉಂಡೆಯನ್ನೇ ಹಿಸುಕಿದ. ನಿಧಾನವಾಗಿ ಮೂರು ಬೆರಳಿಗೆ ಹಿಡಿತ ಬಂತು. ಕೆಲಸಕ್ಕೆ ಹೋಗಬಹುದು ಎಂದರು ವೈದ್ಯರು.

"ಅವರು ಹೇಳಲಿ. ನಾನು ಕಳಿಸಲ್ಲ," ಅಂದಳು ಹೆಂಡತಿ.

"ಮತ್ತೆ ಮನೇಲಿ ಕೂತು ಏನ್ ಮಾಡ್ಲಿ? ನಿನ್ನ ಸೂಜಿಗೆ ದಾರ ಪೋಣಿಸ್ಲಾ?"

"ಪೋಣಿಸಿ, ತಪ್ಪೇನು?"

ಅಷ್ಟರಲ್ಲಿ ಪ್ಯಾಕಿಂಗ್ ಅಕ್ಕ ಬಂದರು. ಹೆಂಡತಿ ಬಟ್ಟೆ ಸರಿಸಿ ಕುರ್ಚಿ ಕೊಟ್ಟಳು.

"ಅಕ್ಕಾ, ಅವತ್ತು ನೀವಿಲ್ಲದಿದ್ರೆ ಇವರು..."

"ಸಾಕು ಬಿಡಮ್ಮ, ಎಷ್ಟು ಸಲ ಹೇಳ್ತೀಯ!"

"ಆದ್ರೆ ಆ ಹಾಳು ಯಂತ್ರದ ಹತ್ರ ಕಳಿಸು ಅಂತ ಮಾತ್ರ ಹೇಳ್ಬೇಡಿ."

"ಯಂತ್ರಾನ ಯಾಕೆ ಬೈತೀಯ? ಅದು ನಿಲ್ತಿತ್ತು. ನಿಲ್ಲದ ಹಾಗೆ ಚಮಚ ಸಿಕ್ಕಿಸಿದ್ದು ನಾವು. ಈಗ ಬೇರೆ ಸ್ವಿಚ್ಚು, ಚಮಚಕ್ಕೆಲ್ಲ ಜಗ್ಗಲ್ಲ. ತಕ್ಷಣ ನಿಲ್ಲಿಸೋಕೆ ಯಂತ್ರದ ಪಕ್ಕದಲ್ಲೇ ಕೆಂಪು ಸ್ವಿಚ್ಚೂ ಇದೆ. ನೀನೇ ಬಂದು ನೋಡು."

ಮರುದಿನ ಅವಳು ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಗಂಡನ ಜೊತೆ ಹೋದಳು. ಮುಚ್ಚಳ ಎತ್ತಿಸಿದಳು, ಯಂತ್ರ ನಿಂತಿತು. ಆಮೇಲೆ ಖಾಲಿ ಯಂತ್ರದ ಮುಂದೆ ಗಂಡನನ್ನು ನಿಲ್ಲಿಸಿದಳು.

"ಬಲಗೈ ಒಳಗೆ ಸಿಕ್ಕಿದೆ ಅಂದ್ಕೊಳ್ಳಿ. ಎಡಗೈಯಲ್ಲಿ ಸ್ವಿಚ್ಚು ಒತ್ತಿ."

ಹಿಟ್ಟಪ್ಪ ಚಾಚಿದ, ವಾಲಿದ. ಎಟಕಲಿಲ್ಲ. ಸ್ವಿಚ್ಚು ಬಲಕ್ಕಿತ್ತು. ಅವಳು ಅವನ ಎಡಗೈಯಿಂದ ಸ್ವಿಚ್ಚಿನವರೆಗೆ ಟೇಪು ಹಿಡಿದಳು: ನಲವತ್ತೊಂಬತ್ತು ಇಂಚು.

"ಅಂಗಿಗೆ ಅಳತೆ ತಗೊಳ್ಳೋದು ನೋಡಿದ್ದೆ, ಯಂತ್ರಕ್ಕೂ ತಗೋತೀಯಲ್ಲಮ್ಮ!" ಎಂದು ನಕ್ಕರು ಮಾಲೀಕರು.

"ಯಂತ್ರಕ್ಕಲ್ಲ ಸಾರ್, ಇವರ ಕೈಗೆ."

ಮಾಲೀಕರ ನಗು ನಿಂತಿತು. ಹಿಟ್ಟಪ್ಪನ ಕೈಯನ್ನು ನೋಡಿದರು. "ನನಗೆ ಹೊಳೀಲೇ ಇಲ್ಲ. ಹೇಳಿದ್ದು ಒಳ್ಳೇದಾಯ್ತು ತಾಯಿ. ಎಡಕ್ಕೂ ಒಂದು ಹಾಕಿಸ್ತೀನಿ. ಅಲ್ಲಿವರೆಗೆ ಯಂತ್ರ ಓಡಲ್ಲ."

ಅದೇ ವಾರ ಎಡಕ್ಕೂ ಸ್ವಿಚ್ಚು ಬಂತು. ಅವಳು ಮತ್ತೆ ಅಳೆದಳು. "ಸರಿ, ನಾಳೆಯಿಂದ ಹೋಗಿ. ನಿಮಗೆ ಗಿಡ್ಡ ತೋಳಿನ ಅಂಗಿ ಹೊಲಿದಿಟ್ಟಿದ್ದೀನಿ," ಅಂದಳು. ಮೊಳೆಯಲ್ಲಿದ್ದ ಚಮಚವನ್ನು ಚೀಲಕ್ಕೆ ಹಾಕಿಕೊಂಡಳು. "ಇದು ನಮ್ಮನೆ ಸಕ್ಕರೆ ಡಬ್ಬೀಲಿರಲಿ."

ಹಿಟ್ಟಪ್ಪ ಮಾಡಿದ ಮೊದಲ ಬ್ರೆಡ್ಡು ಪ್ಯಾಕಿಂಗ್ ಅಕ್ಕನಿಗೆ ಹೋಯಿತು.

"ಯಾಕೋ ಸೊಟ್ಟಗಿದೆ?"

"ಮೂರು ಬೆರಳಿಂದು ಅಕ್ಕಾ. ಈ ಮೂರು ಉಳಿದಿದ್ದೂ ನಿಮ್ಮಿಂದಲೇ."

ಅಕ್ಕ ತುದಿಯಲ್ಲಿ ಮುರಿದು ಬಾಯಿಗೆ ಹಾಕಿಕೊಂಡರು.

ನಿಮ್ಮ ಕೆಲಸದ ಜಾಗದಲ್ಲೂ ಯಾವುದೋ ಸ್ವಿಚ್ಚಿಗೆ ಚಮಚವೋ ದಾರವೋ ಸಿಕ್ಕಿಸಿರಬಹುದು. ಇಂದೇ ತೆಗೆಸಿ. ಯಾರಾದರೂ ಸಿಕ್ಕಿಕೊಂಡರೆ ಎಳೆಯಬೇಡಿ. ಮೊದಲು ಕರೆಂಟು ಆರಿಸಿ. ಮತ್ತೆ ನೀವು ನಿಲ್ಲುವ ಜಾಗದಲ್ಲೇ ನಿಂತು, ಖಾಲಿ ಇರುವ ಕೈಯಿಂದ ನಿಲ್ಲಿಸುವ ಸ್ವಿಚ್ಚು ಎಷ್ಟು ದೂರ ಎಂದು ಒಮ್ಮೆ ಅಳೆಯಿರಿ. ಹಿಟ್ಟಪ್ಪನ ಬೇಕರಿಯಲ್ಲಿ ಅದು ಈಗ ಹದಿನಾಲ್ಕು ಇಂಚು.