ಕೆಳಮುಖದ ಸೂಜಿಗಳು

"ಹರಳು ಬಿಸಿ ಮಾಡೋದು ಬೇಡಮ್ಮ," ಎಂದರು ಮೇಷ್ಟ್ರು. "ಸಂಜೆಗೆ ರಿಯಾಕ್ಟರ್ ನಿಲ್ಲಿಸ್ತಾರೆ. ಇರೋ ಹೊತ್ತಲ್ಲಿ ಇದನ್ನೇ ಇನ್ನಷ್ಟು ಅಳೆಯೋಣ."

ಶಿಷ್ಯೆಯ ಕೈ ಕೀಲಿಮಣೆಯ ಮೇಲೇ ನಿಂತಿತು. ಪರದೆಯ ಮೇಲಿನ ಗೆರೆಯಲ್ಲಿ ಶಿಖರವೊಂದು ನೆಟ್ಟಗೆ ಎದ್ದು ನಿಂತಿತ್ತು. ಯುರೇನಿಯಂ ಸಂಯುಕ್ತದ ಹರಳನ್ನು ವಿಪರೀತ ತಣಿಸಿ ನ್ಯೂಟ್ರಾನ್ ಹಾಯಿಸಿದರೆ, ಒಳಗಿನ ಪರಮಾಣುಗಳ ಕಾಂತ ಯಾವ ಕಡೆ ಮುಖ ಮಾಡಿದೆ ಎಂಬುದು ತಿಳಿಯುತ್ತದೆ. ಒಂದು ಮೇಲ್ಮುಖ, ಪಕ್ಕದ್ದು ಕೆಳಮುಖ ಎಂದು ಮೇಷ್ಟ್ರು ಯೌವನದಲ್ಲೇ ಬರೆದಿದ್ದರು. ಅದು ನಿಜವಾದರೆ ಶಿಖರ ಇದೇ ಜಾಗದಲ್ಲಿ ಏಳಬೇಕು. ಆಗ ಯಾರೂ ನಂಬಲಿಲ್ಲ. ಮರದ ಗೋಲಿಗಳಲ್ಲಿ ಒಂದಕ್ಕೆ ಮೇಲ್ಮುಖ, ಪಕ್ಕದ್ದಕ್ಕೆ ಕೆಳಮುಖವಾಗಿ ಸೂಜಿ ಚುಚ್ಚಿ ಅವರು ಮಾಡಿಕೊಂಡಿದ್ದ ಮಾದರಿ ನೋಡಿ, ಸೂಜಿ ಮೇಷ್ಟ್ರು ಎಂದು ಹೆಸರಿಟ್ಟು ನಕ್ಕರು. ನಾಳೆ ಆ ನಕ್ಕವರ ಮುಂದೆಯೇ ಮೇಷ್ಟ್ರ ಭಾಷಣ. ಬೆಳಿಗ್ಗೆ ಶಿಖರ ಕಂಡ ಕೂಡಲೇ ಅವರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಿದ್ದರು. ಮಾದರಿಯನ್ನು ಚೀಲದಲ್ಲಿ ಹಾಕಿಕೊಂಡು ಇಲ್ಲಿಗೂ ತಂದಿದ್ದರು, ಪುಣ್ಯಾತ್ಮರು.

ಅವಳಿಗೆ ಮಾತ್ರ ಈ ಶಿಖರದ ಮೇಲೆ ಅನುಮಾನ. ಹೊತ್ತು ಸಾಲದೆಂದು ಮೇಷ್ಟ್ರ ಮಾತಿನಂತೆ ನೇರವಾಗಿ ತಣ್ಣನೆಯ ಅಳತೆಗೇ ಇಳಿದಿದ್ದರು. ಕಾಂತದಿಂದ ಎದ್ದ ಶಿಖರವಾದರೆ ಬಿಸಿಗೆ ಮಾಯವಾಗಬೇಕು, ಅದನ್ನು ನೋಡಿರಲಿಲ್ಲ. ಈಗ ತಾನೆ ಪೆನ್ಸಿಲ್‌ಗೆಂದು ಕಪಾಟು ತೆರೆದವಳಿಗೆ ಗ್ರಾಫೈಟ್ ಫಿಲ್ಟರ್ ಕಣ್ಣಿಗೆ ಬಿದ್ದಿತ್ತು. ಅದು ಇರಬೇಕಾದದ್ದು ನ್ಯೂಟ್ರಾನ್‌ಗಳ ದಾರಿಯಲ್ಲಿ. ಇಲ್ಲದಿದ್ದರೆ ಅರ್ಧ ಅಲೆಯುದ್ದದ ನ್ಯೂಟ್ರಾನ್‌ಗಳು ನುಸುಳಿ ಬಂದು, ಸರಿಯಾಗಿ ಇದೇ ಜಾಗದಲ್ಲಿ ಸುಳ್ಳು ಶಿಖರ ಎಬ್ಬಿಸುತ್ತವೆ. ಅದು ಬಿಸಿಗೂ ಹೋಗುವುದಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಸಂಜೆ ರಿಯಾಕ್ಟರ್ ನಿಲ್ಲುತ್ತದೆ, ನಾಳೆ ಚಪ್ಪಾಳೆ ಬೀಳುತ್ತದೆ. ಮೇಷ್ಟ್ರ ಮುಖದ ತುಂಬ ಖುಷಿಯಿತ್ತು. ಅವಳು ಎದ್ದು ಹೋಗಿ ಫಿಲ್ಟರ್ ತಂದು ಅವರ ಮುಂದಿಟ್ಟಳು.

"ಇದು ಕಪಾಟಲ್ಲಿತ್ತು, ಸರ್."

ಹಿಂದಿನ ತಂಡದವರು ತೆಗೆದಿಟ್ಟಿರಬೇಕು ಎಂದರು ಮೇಷ್ಟ್ರು. ಫಿಲ್ಟರನ್ನು ತಿರುಗಿಸಿ ನೋಡಿ, ನೋಡಿಕೊಳ್ಳಬೇಕಾದವನು ನಾನೇ ಅಲ್ಲವೇ ಎಂದರು. ಅವರು ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

"ಬಿಸಿ ಮಾಡು."

ಉಷ್ಣತೆ ಏರಿತು. ಪರದೆಯಲ್ಲಿ ಹೊಸ ಚುಕ್ಕೆಗಳು ಒಂದೊಂದಾಗಿ ಮೂಡತೊಡಗಿದವು. ಇಳಿ, ಹಾಳಾದ್ದೇ, ಇಳಿ ಎಂದು ಅವಳು ಮನಸ್ಸಿನಲ್ಲೇ ಗೋಗರೆದಳು. ಚುಕ್ಕೆಗಳು ಹಳೆಯ ದಾರಿಯಲ್ಲೇ ಮೇಲೇರಿ, ಹಳೆಯ ದಾರಿಯಲ್ಲೇ ಇಳಿದವು. ಶಿಖರ ಕದಲಿರಲಿಲ್ಲ.

ಫಿಲ್ಟರ್ ಹಾಕಿ ಮತ್ತೆ ತಣಿಸೋಣ ಎಂದವರು ಮೇಷ್ಟ್ರೇ. ನಿಜವಾದದ್ದು ಚೂರಾದರೂ ಇದ್ದರೆ ಈಗ ಕಾಣಬೇಕು. ನ್ಯೂಟ್ರಾನ್ ದ್ವಾರ ಮುಚ್ಚಿಸಿ, ಫಿಲ್ಟರನ್ನು ಅದರ ಜಾಗದಲ್ಲಿ ತಾವೇ ಕೂರಿಸಿ ಬಂದು ಕುಳಿತರು. ಚಹಾ ಆರಿತು, ಇಬ್ಬರೂ ಮುಟ್ಟಲಿಲ್ಲ. ರಿಯಾಕ್ಟರ್ ನಿಲ್ಲಿಸುವ ಸೂಚನೆ ಧ್ವನಿವರ್ಧಕದಲ್ಲಿ ಬರುವ ಹೊತ್ತಿಗೆ ಅಳತೆ ಮುಗಿದಿತ್ತು. ಶಿಖರವಿದ್ದ ಜಾಗದಲ್ಲಿ ಬರೀ ಚಪ್ಪಟೆ ಗೆರೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಪ್ರಿಂಟ್ ತೆಗಿಯಮ್ಮ. ನಾಳೆ ಇದನ್ನೇ ತೋರಿಸ್ತೀನಿ."

ಅವಳು ಪ್ರಿಂಟ್ ತೆಗೆದುಕೊಂಡು ಬಂದಾಗ ಅವರು ಮಾದರಿಯನ್ನು ಮಡಿಲಲ್ಲಿಟ್ಟುಕೊಂಡು, ಕೆಳಮುಖದ ಸೂಜಿಗಳನ್ನು ಕೀಳುತ್ತಿದ್ದರು. ಕೆಲವು ತುಕ್ಕು ಹಿಡಿದು ಮರದಲ್ಲೇ ಕಚ್ಚಿಕೊಂಡಿದ್ದವು. ಅವಳು ಅಂಗೈ ಚಾಚಿದಳು. ಚುಚ್ಚದ ಹಾಗೆ ಅಡ್ಡಡ್ಡ ಮಲಗಿಸಿ, ಒಂದೊಂದನ್ನೇ ಅವರು ಅಲ್ಲಿ ಇಡುತ್ತಾ ಹೋದರು.