ಕೊಟ್ಟಿಗೆಯ ಮಾತು

ಫ್ರಾನ್ಸಿನ ನಮ್ಮ ಬ್ರಿಟನಿ ಸೀಮೆಯ ಹಳ್ಳಿಗಳಲ್ಲಿ ಮನೆಮಾತು ಬ್ರೆಟನ್. ಶಾಲೆ, ಕಚೇರಿಗಳದ್ದು ಫ್ರೆಂಚ್. ಅಪ್ಪ ಹಸುಗಳ ಜೊತೆ, ನಾಯಿಯ ಜೊತೆ, ಅಮ್ಮ ಮತ್ತು ಅಣ್ಣ ಕೊರಾಂತೆನ್ ಜೊತೆ ಬ್ರೆಟನ್ ಆಡುತ್ತಿದ್ದ. ನನ್ನೊಬ್ಬಳ ಜೊತೆ ಫ್ರೆಂಚ್. ಅದು ಅಮ್ಮನ ತೀರ್ಮಾನ. ಶಾಲೆಯಲ್ಲಿ ಬ್ರೆಟನ್ ಆಡಿದಳೆಂದು ಅವಳ ಕೊರಳಿಗೆ ಮರದ ಚಪ್ಪಲಿ ಕಟ್ಟಿ ನಿಲ್ಲಿಸಿದ್ದರಂತೆ. ನಾನು ಹುಟ್ಟಿದಾಗ, "ಇವಳೊಬ್ಬಳಾದರೂ ಪೇಟೆಯವರ ಹಾಗೆ ಮಾತಾಡಲಿ" ಎಂದಳಂತೆ.

ಹೀಗಾಗಿ ಸ್ವಂತ ಮನೆಯಲ್ಲೇ ನೆಂಟಳಂತೆ ಬೆಳೆದೆ. ಊಟಕ್ಕೆ ಕೂತಾಗ ಮೂವರೂ ಏನೋ ಹೇಳಿಕೊಂಡು ಬಿದ್ದು ಬಿದ್ದು ನಗುವರು. ಏನಂದಿರಿ ಎಂದು ಕೇಳಿದರೆ ಅಮ್ಮ ಕಣ್ಣೊರೆಸಿಕೊಂಡು, "ಏನಿಲ್ಲ ಒದೀಲ್, ರೊಟ್ಟಿ ಆರಿಹೋಗುತ್ತೆ, ತಿನ್ನು" ಎನ್ನುವಳು.

ಬ್ರೆಸ್ಟ್ ಪಟ್ಟಣದಲ್ಲಿ ಕೆಲಸ ಸಿಕ್ಕಿದ ಮೇಲೆ ಸಂಜೆ ತರಗತಿಗೆ ಸೇರಿ ಬ್ರೆಟನ್ ಕಲಿತೆ. ಈಸ್ಟರ್ ರಜೆಗೆ ಊರಿಗೆ ಬಂದವಳು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಅಪ್ಪನ ಮುಂದೆ ಹೇಳಿದೆ. ಅಪ್ಪ ಟೋಪಿ ಹಿಂದಕ್ಕೆ ಸರಿಸಿ ನನ್ನನ್ನೇ ನೋಡಿದ. "ಚೆನ್ನಾಗಿದೆ. ಥೇಟ್ ರೇಡಿಯೋ ವಾರ್ತೆ" ಎಂದ, ಫ್ರೆಂಚಿನಲ್ಲೇ. ಅಣ್ಣ ನಕ್ಕ. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಅಣ್ಣ ಸಂತೆಗೆ ಹೋಗಿದ್ದ. ಕೊಟ್ಟಿಗೆಯಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಅಪ್ಪ ಒಳಗೆ ಕೈಹಾಕಿ ಕರುವಿನ ಕಾಲಿಗೆ ಹಗ್ಗ ಬಿಗಿದು, ತುದಿಯನ್ನು ನನ್ನತ್ತ ಎಸೆದು ಕೂಗಿದ:

"ಹಿಡ್ಕಳೇ! ಈಗ್ಲೇ ಎಳೀಬ್ಯಾಡ, ಅದು ತಿಣುಕ್ಲಿ ತಡಿ... ಹಾಂ, ಎಳಿ! ಎಳಿಯೇ ಕತ್ತೆ, ಉಂಡಿಲ್ವಾ?"

ಬ್ರೆಟನ್! ತರಗತಿಯಲ್ಲಿ ಯಾರೂ ಕಲಿಸದ ಮಾತುಗಳು. ಆದರೂ ಎಲ್ಲ ಅರ್ಥವಾಯಿತು. ಎಳೆದೆ. ಕರು ಹುಲ್ಲಿನ ಮೇಲೆ ಜಾರಿ ಬಿದ್ದು ಸೀನಿತು.

"ಬಂತು ಕಣಪ್ಪೋ!" ಎಂದೆ, ನಾನೂ ಬ್ರೆಟನ್ನಿನಲ್ಲಿ.

"ಬಂತು ಕಣವ್ವ, ಬಂತು" ಎಂದು ನಕ್ಕ ಅಪ್ಪ, ಯಾರ ಜೊತೆ ಮಾತಾಡುತ್ತಿದ್ದೇನೆಂದು ಹೊಳೆದು ಕೈ ಒರೆಸಿಕೊಳ್ಳತೊಡಗಿದ.

ಅಲ್ಲಿಂದಾಚೆಗೆ ಕೊಟ್ಟಿಗೆಯಲ್ಲಿ ನನ್ನ ಜೊತೆ ಬ್ರೆಟನ್ನೇ ಆಡಿದ. ಮನೆಯೊಳಗೆ ಬಂದರೆ ಮತ್ತೆ ಫ್ರೆಂಚ್. ಯಾಕಪ್ಪ ಎಂದು ಒಮ್ಮೆ ಕೇಳಿದೆ.

"ದೀಪದ ಬೆಳಕ್ನಾಗೆ ನಿನ್ ಮುಖ ನೋಡುದ್ರೆ ಬಾಯಿಗೆ ಫ್ರೆಂಚೇ ಬತ್ತದೆ. ಏನ್ಮಾಡ್ಲಿ ಹೇಳು."

ಎಷ್ಟೋ ವರ್ಷಗಳ ನಂತರ ಅಪ್ಪ ತೀರಿಕೊಂಡ. ಮಣ್ಣಿಗೆ ಬಂದ ಪಕ್ಕದ ಹೊಲದ ಜೋಬಿಗಜ್ಜನ ಜೊತೆ ನಾನು ಬ್ರೆಟನ್ನಿನಲ್ಲಿ ಮಾತಾಡಿದೆ. ಅವನು ಅಳುವಿನ ನಡುವೆಯೂ ನಕ್ಕುಬಿಟ್ಟ. "ಅಯ್ಯೋ ಹುಡ್ಗಿ, ದನ ಅಟ್ಟೋ ಗಂಡಸ್ರಂಗೆ ಮಾತಾಡ್ತೀಯಲ್ಲೇ!"

ನಿಜವೇ. ಗೊರಸು, ಕೆಚ್ಚಲು, ಹಗ್ಗ, ಬೈಗುಳ ಎಲ್ಲ ಬರುತ್ತಿತ್ತು. ಅಳುವ ಮಗುವನ್ನು ಏನೆಂದು ಸಮಾಧಾನ ಮಾಡುತ್ತಾರೋ, ಅದು ಬರುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಮ್ಮನನ್ನು ಕೇಳಿದೆ: "ಅಣ್ಣ ಚಿಕ್ಕವನಿದ್ದಾಗ ಅತ್ತರೆ ಏನಂತ ಕರೀತಿದ್ದೆ?"

ಅಮ್ಮ ತಟ್ಟೆ ತೊಳೆಯುತ್ತಿದ್ದಳು. ಬ್ರೆಟನ್ನಿನಲ್ಲಿ ಮೆಲ್ಲಗೆ ಹೇಳಿದಳು, "ನನ್ ಬಂಗಾರ್ದ ಮರೀ."

"ಇನ್ನೊಂದ್ಸಲ ಹೇಳವ್ವ."

ಹೇಳಿದಳು. ತಿರುಗಿ ನೋಡಲಿಲ್ಲ. ನನಗಾಗಲೇ ನಲವತ್ತು ದಾಟಿತ್ತು.